ರಾಚಪ್ಪನ ಖಾಲಿ ಬಾಗಿಲು

ನಮ್ಮ ಊರಿಗೆ ಹೆಣ್ಣು ಕೊಡುವವರು ಹೊಲ ಎಷ್ಟು, ಎಮ್ಮೆ ಎಷ್ಟು ಎಂದು ಕೇಳುವುದಿಲ್ಲ. ನಿಮ್ಮ ಮನೆಯಲ್ಲಿ ಬಾಗಿಲಿಗೆ ಯಾರು ಕೂರುತ್ತಾರೆ ಎಂದು ಕೇಳುತ್ತಾರೆ. ಗಟ್ಟಿಮುಟ್ಟಾದ ಅತ್ತೆಯೊಬ್ಬಳು ಮಣೆಯ ಮೇಲೆ ಕೂತಿದ್ದರೆ ಸಂಬಂಧ ಕುದುರಿದಂತೆಯೇ. ಅತ್ತೆ ಇಲ್ಲದ ಮನೆಯಾದರೆ ಹುಡುಗಿಯ ತಾಯಿ ಮುಖ ಸಣ್ಣದು ಮಾಡುತ್ತಾಳೆ, ನಾಳೆಯಿಂದ ಆ ಮಣೆ ತನ್ನ ಮಗಳ ಪಾಲಿಗೆ ಎಂದು ಅವಳಿಗೆ ಗೊತ್ತು. ನಮ್ಮಲ್ಲಿ ಬೀಗ ನಿಲ್ಲುವುದಿಲ್ಲ. ಹಾಕಿ ಬೆನ್ನು ತಿರುಗಿಸಿದರೆ ಸಾಕು, ಕಳಚಿ ನೆಲಕ್ಕೆ ಬಿದ್ದಿರುತ್ತದೆ. ಅಗುಳಿ ಜಾರುತ್ತದೆ, ಚಿಲಕ ಬಿಚ್ಚುತ್ತದೆ, ಮೊಳೆ ಹೊಡೆದರೆ ಮೊಳೆ ಉದುರುತ್ತದೆ. ಹೊರಗಿನ ವ್ಯಾಪಾರಿಗಳು ಮೊದಮೊದಲು ದೊಡ್ಡ ದೊಡ್ಡ ಬೀಗ ತಂದು ಹಾಕಿ ನೋಡುತ್ತಾರೆ, ನಾವು ಎದುರಿನ ಕಟ್ಟೆಯ ಮೇಲೆ ಕೂತು ನಗುತ್ತೇವೆ. ಆಮೇಲೆ ಅವರೂ ಒಂದು ಮಣೆ ಕೊಂಡುಕೊಳ್ಳುತ್ತಾರೆ. ಮನುಷ್ಯರು ಕೂತ ಬಾಗಿಲು ಮಾತ್ರ ಮುಚ್ಚಿದರೆ ಮುಚ್ಚಿಯೇ ಇರುತ್ತದೆ.

ಹಾಗಾಗಿ ಒಂದು ಮನೆಯವರೆಲ್ಲ ಸೇರಿ ಎಲ್ಲಿಗಾದರೂ ಹೋದದ್ದನ್ನು ನಾನು ಚಿಕ್ಕವಳಿದ್ದಾಗ ನೋಡಿಯೇ ಇರಲಿಲ್ಲ. ಮದುವೆಗೆ ಗಂಡ ಬಂದರೆ ಹೆಂಡತಿ ಬರುವುದಿಲ್ಲ, ಹೆಂಡತಿ ಬಂದರೆ ಗಂಡ ಇಲ್ಲ. ನನ್ನ ಮದುವೆಗೆ ನನ್ನ ಅವ್ವನೇ ಬರಲಿಲ್ಲ. ಅಪ್ಪ ತೀರಿಕೊಂಡಿದ್ದ, ತಮ್ಮ ರಾಚಪ್ಪ ಹಂದರದಲ್ಲಿ ನನ್ನ ಪಕ್ಕ ನಿಲ್ಲಬೇಕಿತ್ತು, ಅವಳು ಬಾಗಿಲಿಗೆ ಕೂತಳು. ಅಕ್ಷತೆಯ ಹೊತ್ತಿಗೆ ರಾಚಪ್ಪ ಮನೆಗೆ ಓಡಿಹೋಗಿ ಅವಳ ಕೈಯಿಂದ ಒಂದು ಹಿಡಿ ಕಾಳು ಮುಟ್ಟಿಸಿಕೊಂಡು ಬಂದು ನನ್ನ ತಲೆಗೆ ಹಾಕಿದ. ಅವನ ಕಣ್ಣಲ್ಲಿ ನೀರಿತ್ತು, ಅದು ಸಿಟ್ಟಿನ ನೀರು. ಮುಂದೆ ಆದದ್ದೆಲ್ಲ ಆ ಸಿಟ್ಟಿನಿಂದಲೇ ಆಯಿತು ಎಂದು ನಾನು ಅವನ ಪರವಾಗಿ ವಕಾಲತ್ತು ವಹಿಸುವುದಿಲ್ಲ. ಸಿಟ್ಟು ಎಲ್ಲರಿಗೂ ಬರುತ್ತದೆ, ಎಲ್ಲರೂ ರಾಚಪ್ಪ ಆಗುವುದಿಲ್ಲ.

ಶುರು ಚೆನ್ನಾಗಿಯೇ ಇತ್ತು. ನನಗೆ ಹೊಟ್ಟೆ ಉರಿಯುವುದೂ ಅದಕ್ಕೇ. ಸಂತೆಯಲ್ಲಿ ಕೆಲಸವಿಲ್ಲದೆ ತಿರುಗುತ್ತಿದ್ದ ನಾಲ್ಕಾರು ಜನರನ್ನು ಕಟ್ಟಿಕೊಂಡು ಅವನು ಪತ್ತಾರರ ಮನೆಗೆ ಹೋದ. "ನೀವೆಲ್ಲಾರೂ ಹೋಗಿ ಬರ್ರಿ, ಬಾಗಲಕ್ಕ ನಾವು ಕುಂಡ್ರತೀವಿ," ಎಂದ. ಪತ್ತಾರರ ಮನೆಯ ಒಂಬತ್ತೂ ಮಂದಿ ಬುತ್ತಿ ಕಟ್ಟಿಕೊಂಡು ಹೊಳೆಗೆ ಹೋದರು. ಆ ಮನೆಯ ಮುದುಕಿ ಹುಟ್ಟಿದ ಮೇಲೆ ಹೊಳೆ ನೋಡಿದ್ದು ಅದೇ ಮೊದಲು. ನೀರಿನಲ್ಲಿ ಕಾಲು ಇಳಿಬಿಟ್ಟುಕೊಂಡು ಮಗುವಿನಂತೆ ಅತ್ತಳಂತೆ. ವಾಪಸು ಬಂದಾಗ ಮನೆಯಲ್ಲಿ ಒಂದು ಚಮಚೆಯೂ ಅಲುಗಿರಲಿಲ್ಲ. ರಾಚಪ್ಪ ಒಂದು ತಂಬಿಗೆ ಮಜ್ಜಿಗೆ ಕುಡಿದು ಎದ್ದು ಹೋದ. ಮರುದಿನ ಅವನ ಹಿಂದೆ ಇಡೀ ಊರು ಬಿತ್ತು. ಗಂಡ ಹೆಂಡತಿ ಕೂಡಿ ಸಂತೆಗೆ ಹೋದರು, ಅತ್ತೆ ಸೊಸೆ ಒಂದೇ ಪಂಕ್ತಿಯಲ್ಲಿ ಕೂತು ಉಂಡು ಅಲ್ಲೇ ಜಗಳವಾಡಿದರು. ಅಂಥ ಸುಖ ನಮ್ಮ ಊರು ಅದಕ್ಕೆ ಮೊದಲು ಕಂಡಿರಲಿಲ್ಲ. ಅಲ್ಲಿಗೇ ನಿಂತಿದ್ದರೆ ಇವತ್ತು ಅವನ ಹೆಸರು ಹೇಳಿ ಜನ ದೀಪ ಹಚ್ಚುತ್ತಿದ್ದರು.

ನಿಲ್ಲಲಿಲ್ಲ. ಕಾವಲು ಬೇಡ ಎಂದವರು ಮಣೆಯಿಂದ ಒಂದು ಗಳಿಗೆ ಎದ್ದರೆ ಸಾಕು, ಮನೆಯಲ್ಲಿ ಹಂಡೆ ಕಾಣೆಯಾಗತೊಡಗಿತು, ಆಮೇಲೆ ಬಂಗಾರ. ಬೇಡ ಎನ್ನುವವರು ಕಡಿಮೆಯಾದರು. ಆಮೇಲೆ ಅವನ ಆಳುಗಳು ಕೇಳದೆಯೇ ಬಂದು ಕೂರತೊಡಗಿದರು. ಕೂತವರು ಏಳಲಿಲ್ಲ. ನಿಮ್ಮ ಮನೆಗೆ ನೀವೇ ಹೋಗುವಾಗ ಹೆಸರು ಹೇಳಿ ಹೋಗಬೇಕು, ಬರುವ ನೆಂಟರನ್ನು ಒಳಗೆ ಬಿಡುವುದೋ ಬೇಡವೋ ಅವರೇ ತೀರ್ಮಾನಿಸಬೇಕು. ಜನ ಅದಕ್ಕೂ ಹೊಂದಿಕೊಂಡರು. ಮಕ್ಕಳಿಗೆ ಕಾವಲಿನವನನ್ನು ಮಾಮಾ ಎಂದು ಕರೆಯಲು ಕಲಿಸಿದರು, ರೊಟ್ಟಿ ಬಡಿಯುವಾಗ ಬಾಗಿಲಿನ ರೊಟ್ಟಿ ಎಂದು ಎರಡು ಹೆಚ್ಚಿಗೆ ಬಡಿದರು. ಅಂಗಡಿಗಳಾದವು, ಗೋದಾಮುಗಳಾದವು, ಕಡೆಗೆ ಊರಿನ ಪಂಚರು ಸಭೆ ಸೇರುವ ಚಾವಡಿಯ ಬಾಗಿಲಿಗೂ ಅವನ ಆಳೇ ಕೂತ. ರಾಚಪ್ಪ ಬಿಳಿ ಧೋತರ ಉಟ್ಟು, ಜರಿ ರುಮಾಲು ಸುತ್ತಿ, ಧಣಿ ಎನಿಸಿಕೊಂಡ. ಬಡವರ ಮದುವೆಗೆ ಅಕ್ಕಿ ಕಳಿಸುತ್ತಿದ್ದ, ಯಾರಾದರೂ ಸತ್ತರೆ ಬುಟ್ಟಿಗಟ್ಟಲೆ ಹೂ ಕಳಿಸುತ್ತಿದ್ದ. ಕೆಲವು ಸಲ ಆ ಹೂ ಸಾವಿಗಿಂತ ಸ್ವಲ್ಪ ಬೇಗ ಬಂತು ಎಂದು ಜನ ಪಿಸುಗುಡುತ್ತಿದ್ದರು.

ಮದುವೆ ಮಾತ್ರ ಆಗಲಿಲ್ಲ. ನನ್ನ ಹೆಂಡತಿ ಮಣೆಯ ಮೇಲೆ ಕೂರುವುದು ಬೇಡ, ನನ್ನ ಆಳುಗಳ ಮಧ್ಯೆ ಓಡಾಡುವುದೂ ಬೇಡ ಎನ್ನುತ್ತಿದ್ದ. ಅಷ್ಟು ಹೊತ್ತಿಗೆ ನನ್ನ ಗಂಡ ತೀರಿಕೊಂಡು, ಅವ್ವನೂ ಹೋಗಿ, ನಾನು ತವರುಮನೆಗೆ ಬಂದು ನನ್ನ ಬಾಗಿಲಿಗೆ ನಾನೇ ಕೂತಿದ್ದೆ. ಇಡೀ ಊರಲ್ಲಿ ಅವನ ಆಳು ಇಲ್ಲದ ಮನೆಗಳು ಬೆರಳೆಣಿಕೆಯಷ್ಟು, ಅದರಲ್ಲಿ ನನ್ನದೊಂದು. ರೊಟ್ಟಿ, ಪುಂಡಿಪಲ್ಯ ತಿನ್ನಲು ಬಂದಾಗಲೆಲ್ಲ ಅದೇ ಮಾತು.

"ಅಕ್ಕಾ, ಒಬ್ಬ ಹುಡುಗನ್ನ ಕಳಸ್ತೀನಿ. ನೀ ಆರಾಮ ಇರು."

"ಕಳಿಸಿ ನೋಡು. ಕಸಬರಿಗಿ ತೊಗೊಂಡು ನಿನ್ನ ಮನೀತನಾ ಅಟ್ಟಿಸ್ಕೊಂಡು ಬರ್ತೀನಿ."

ಅವನು ನಗುತ್ತಿದ್ದ. ಊರೆಲ್ಲ ನಡುಗುವ ಧಣಿ ನನ್ನ ಎದುರು ಕೂತು ಬೆರಳು ನೆಕ್ಕುತ್ತ ನಗುವಾಗ ನನಗೆ ಪ್ರೀತಿಯೂ ಆಗುತ್ತಿತ್ತು, ಭಯವೂ ಆಗುತ್ತಿತ್ತು. ಪ್ರೀತಿ ಹೆಚ್ಚಿತ್ತು ಎಂದೇ ಹೇಳಬೇಕು.

ಕಾವಲು ಬೇಡ ಎಂದ ಇನ್ನೊಬ್ಬ ಗಾಣಿಗರ ಸಂಗಪ್ಪ. ಕಾವಲಿನವನು ಬಂದು ಅವನ ಗಾಣದ ಮನೆಯ ಬಾಗಿಲಿಗೆ ಕೂತಾಗ ಸಂಗಪ್ಪ ಮಣೆ ಸಮೇತ ಅವನನ್ನು ಎತ್ತಿ ಬೀದಿಗೆ ಇಟ್ಟ. "ನನ್ನ ಬಾಗಲಕ್ಕ ನಾ ಕುಂಡ್ರತೀನಿ. ನನಗೇನ ಕುಂಡಿ ಇಲ್ಲೇನು?" ಎಂದ. ಆ ಮಾತಿಗೆ ಊರು ಒಂದು ವಾರ ನಕ್ಕಿತು. ಬಹಳ ದಿನದಿಂದ ನಗದೇ ಇದ್ದವರು ಬಾಗಿಲೊಳಗೆ ಹೋಗಿ ಬಾಯಿಗೆ ಸೆರಗು ಹಿಡಿದು ನಕ್ಕರು. ನಗು ಮುಗಿಯುವ ಮೊದಲೇ ಸಂಗಪ್ಪನ ಹೆಣ ಗಾಣದ ಹಿಂದಿನ ಬಾವಿಯಲ್ಲಿ ಸಿಕ್ಕಿತು, ಪಕ್ಕದಲ್ಲಿ ಅವನ ಮಣೆ ತೇಲುತ್ತಿತ್ತು. ಹಾಡಹಗಲಲ್ಲಿ ನಡೆದದ್ದು, ಎದುರಿನ ಕಟ್ಟೆಯ ಮೇಲೆ ಜನ ಕೂತಿದ್ದರು, ಯಾರೂ ಏನೂ ನೋಡಿರಲಿಲ್ಲ. ಅವನ ಹೆಂಡತಿ ಕಾಶವ್ವ ಆ ಒದ್ದೆ ಮಣೆಯನ್ನು ಒರೆಸಿ, ಬಾಗಿಲಿಗೆ ಹಾಕಿ, ತಾನು ಕೂತಳು. ಅವಳ ತಂಟೆಗೆ ಮಾತ್ರ ಯಾರೂ ಹೋಗಲಿಲ್ಲ.

ರಾಚಪ್ಪನ ದೊಡ್ಡ ಮನೆ ಸಂತೆಪೇಟೆಯ ಎದುರಿಗೇ ಇತ್ತು. ಅದರ ಬಾಗಿಲಿಗೆ ಯಾರೂ ಕೂರುತ್ತಿರಲಿಲ್ಲ. "ನನ್ನ ಬಾಗಲಾ ನನ್ನ ಹೆಸರ ಕಾಯ್ತೈತಿ," ಎಂದು ಅವನು ಹೇಳಿಕೊಂಡು ತಿರುಗುತ್ತಿದ್ದ. ಅದು ನಿಜವೂ ಆಗಿತ್ತು. ತೆರೆದ ಬಾಗಿಲು, ಒಳಗೆ ಬೆಳ್ಳಿಯ ತಾಟುಗಳು ಬೀದಿಗೇ ಕಾಣುತ್ತಿದ್ದವು, ನಾಯಿ ಕೂಡ ಒಳಗೆ ಹೋಗುತ್ತಿರಲಿಲ್ಲ. ಆದರೆ ನಮ್ಮ ಊರಿನ ಎಲ್ಲಕ್ಕಿಂತ ಹಳೆಯ ಕಟ್ಟಳೆ ಒಂದಿದೆ. ಯಾರೂ ತಮ್ಮ ಬಾಗಿಲು ಖಾಲಿ ಬಿಡಕೂಡದು. ಖಾಲಿ ಬಾಗಿಲಿನಿಂದ ಒಳಗೆ ಹೋಗಿ ಹೊರಗೆ ಬಂದವರು ಪಂಚರಿಗೆ ಹೇಳಿದರೆ, ಮನೆಯವರು ಸೆರೆಕೋಣೆಯಲ್ಲಿ ಇರಬೇಕು. ಕೈಯಲ್ಲಿ ಎಷ್ಟು ಬಾಗಿಲೋ ಅಷ್ಟು ದಿನ. ನಮ್ಮಂಥವರಿಗೆ ಒಂದೇ ಬಾಗಿಲು, ಒಂದೇ ದಿನ. ಹೊಸದಾಗಿ ಮದುವೆಯಾದವರು, ಕುಡುಕರು ವರ್ಷಕ್ಕೊಮ್ಮೆ ಹಾಗೆ ಸಿಕ್ಕಿಬೀಳುತ್ತಿದ್ದರು, ಒಂದು ದಿನ ಒಳಗಿದ್ದು ನಗುತ್ತ ಬರುತ್ತಿದ್ದರು. ಅದೊಂದು ದೊಡ್ಡ ಶಿಕ್ಷೆ ಎಂದು ಯಾರ ತಲೆಗೂ ಬಂದಿರಲಿಲ್ಲ, ರಾಚಪ್ಪನ ತಲೆಗೂ.

ಒಂದು ಸಂತೆಯ ದಿನ ಮಧ್ಯಾಹ್ನ ಕಾಶವ್ವ ಮಗಳನ್ನು ಮಣೆಗೆ ಕೂರಿಸಿ ಪೇಟೆಯ ನಡುವೆ ನಡೆದು ಬಂದು ನೇರ ಆ ಬಾಗಿಲೊಳಗೆ ಹೋದಳು. ವ್ಯಾಪಾರ ನಿಂತುಹೋಯಿತು. ಅವಳು ಅಡುಗೆಮನೆಯ ಕೊಡದಿಂದ ಒಂದು ಲೋಟ ನೀರು ಕುಡಿದು, ಲೋಟ ಬೋರಲು ಹಾಕಿ, ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಅಲ್ಲಿಂದ ಚಾವಡಿಗೆ ನಡೆದಳು. "ನಾ ಒಳಗ ಹೋಗಿ ಬಂದೆ. ಯವ್ವಾ, ನೀ ಯಾರು ಅಂತ ಯಾರೂ ಕೇಳ್ಲಿಲ್ಲ," ಎಂದಳು.

ಪಂಚರ ಮುಖದಲ್ಲಿ ರಕ್ತವಿರಲಿಲ್ಲ. ಆದರೂ ಇಷ್ಟು ಜನ ನೋಡಿದ್ದನ್ನು ನುಂಗಿಕೊಳ್ಳುವುದು ಹೇಗೆ, ಕರೆಸಿದರು. ರಾಚಪ್ಪ ಎಲೆ ಅಡಿಕೆ ಮೆಲ್ಲುತ್ತ, ತಮಾಷೆ ನೋಡಲು ಬಂದವನ ಹಾಗೆ ಬಂದ. ಹಿಂದೆ ಅವನ ಬಲಗೈ ಫಕೀರ ಮತ್ತು ಇಡೀ ದಂಡು. ನೆರೆಮನೆಯವಳನ್ನು ನನ್ನ ಬಾಗಿಲಿಗೆ ಕೂರಿಸಿ ನಾನೂ ಹೆಂಗಸರ ಸಾಲಿನಲ್ಲಿ ನಿಂತಿದ್ದೆ. ಹಿರಿಯ ಪಂಚ ವಿರೂಪಾಕ್ಷಯ್ಯ ನೆಲ ನೋಡುತ್ತ ಕೇಳಿದರು.

"ರಾಚಪ್ಪಾರ, ನಿಮ್ಮ ಬಾಗಲಕ್ಕ ಯಾರರೆ ಕುಂತಿದ್ರೇನ್ರಿ?"

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಮುದುಕರು ಬದುಕಿದೆವು ಎಂದು ಎದ್ದು ಹೋಗುತ್ತಿದ್ದರು. ಫಕೀರ ಕೂಗಿಯೂ ಬಿಟ್ಟ, "ನಾ ಕುಂತಿದ್ದೆ ಧಣೀ!" ರಾಚಪ್ಪ ತಿರುಗಿ ಅವನನ್ನು ಮೇಲಿಂದ ಕೆಳಗೆ ನೋಡಿದ.

"ಯಾಕ ಸುಳ್ಳ ಹೇಳ್ತಿ? ನನ್ನ ಬಾಗಲಕ್ಕ ಮಂದಿ ಕುಂಡ್ರಬೇಕಂದ್ರ ನಾ ಯಾಕ ರಾಚಪ್ಪ ಆಗಬೇಕಿತ್ತು? ಯಾರೂ ಇರಲಿಲ್ಲ. ಎಂದೂ ಇಲ್ಲ."

ಸಂತೆಗೆ ಸಂತೆಯೇ ಅದನ್ನು ಕೇಳಿಸಿಕೊಂಡಿತು. ಸಾಕ್ಷಿ ಬೇಕಿರಲಿಲ್ಲ, ಧೈರ್ಯವೂ ಬೇಕಿರಲಿಲ್ಲ. ವಿರೂಪಾಕ್ಷಯ್ಯ ಕಟ್ಟಳೆಯನ್ನು ಹೇಳಿದರು ಅಷ್ಟೆ. ಕೈಯಲ್ಲಿ ಎಷ್ಟು ಬಾಗಿಲೋ ಅಷ್ಟು ದಿನ. ಊರಿನ ಬಾಗಿಲುಗಳು ಹೆಚ್ಚುಕಡಿಮೆ ಎಲ್ಲವೂ ಅವನ ಕೈಯಲ್ಲೇ ಇದ್ದವು. ಬಾಗಿಲಿಗೊಂದು ದಿನದಂತೆ ಎಣಿಸಿದರೆ ಹದಿನಾಲ್ಕು ವರ್ಷದ ಮೇಲೆ ಬಂತು. ಅವನ ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಯಾವ ಓಣಿ ಯಾರ ಪಾಲಿಗೆ ಎಂದು ಆಗಲೇ ಎಣಿಸುತ್ತಿದ್ದರು ಎಂದು ನನಗೆ ಕಂಡಿತು. ರಾಚಪ್ಪ ಇನ್ನೂ ನಗುತ್ತಲೇ ಇದ್ದ. ಬೀಗ ನಿಲ್ಲದ ಊರಲ್ಲಿ ಸೆರೆಕೋಣೆ ಎಂದರೆ ಎಷ್ಟರದ್ದು? ನಾಲ್ಕು ದಿನ ಇದ್ದು ಎದ್ದು ಬರುತ್ತೇನೆ ಎಂದುಕೊಂಡಿದ್ದ.

"ಇವರ ರಕ್ತದವರು ಯಾರಿದೀರಿ?" ಎಂದು ವಿರೂಪಾಕ್ಷಯ್ಯ ಕೇಳಿದರು.

ಆಗ ಅವನ ನಗು ನಿಂತಿತು. ನಮ್ಮಲ್ಲಿ ಸೆರೆಕೋಣೆಯ ಬಾಗಿಲಿಗೆ ತಳವಾರರು ಕೂರುವುದಿಲ್ಲ. ತಪ್ಪು ಮಾಡಿದವರ ರಕ್ತ ಸಂಬಂಧಿ ಕೂರಬೇಕು. ಒಳಗಿದ್ದವರು ಹೊಸ್ತಿಲು ದಾಟಿದರೆ, ಉಳಿದ ದಿನವನ್ನು ಹೊರಗೆ ಕೂತವರು ಒಳಗೆ ಕಳೆಯಬೇಕು. ಕೂರುವವರೇ ಇಲ್ಲದಿದ್ದರೆ ಅವನನ್ನು ಎಲ್ಲೆಯಾಚೆ ಬಿಟ್ಟು ಬರುತ್ತಾರೆ. ಎಲ್ಲರೂ ನನ್ನ ಕಡೆ ನೋಡಿದರು. ನಾನು ಇಲ್ಲ ಎಂದಿದ್ದರೆ ಅವನು ಮುಂದಿನ ಊರಿಗೆ ಹೋಗಿ ಅಲ್ಲಿ ಧಣಿ ಆಗುತ್ತಿದ್ದ, ಅಲ್ಲೂ ಒಂದು ಬಾವಿ ಇರುತ್ತಿತ್ತು. ಕಾಶವ್ವ ನನ್ನ ಕಡೆ ನೋಡಲಿಲ್ಲ. ನಾನು ಮುಂದೆ ಬಂದು ಮಣೆ ಎತ್ತಿಕೊಂಡೆ.

"ಅಕ್ಕಾ, ನೀ ಬ್ಯಾಡ," ಎಂದ ರಾಚಪ್ಪ. ಅವನ ದನಿ ಅಷ್ಟು ಸಣ್ಣದಾದದ್ದನ್ನು ಊರು ಅವತ್ತೇ ಕೇಳಿದ್ದು. "ನೀ ಬಾಗಲದಾಗ ಕುಂಡ್ರಬ್ಯಾಡ."

"ನಡಿ ಒಳಗ," ಎಂದೆ.

ಎರಡನೆಯ ದಿನವೇ ಫಕೀರ ಜೀಪು ತಂದು ಚಾವಡಿಯ ಹಿಂದಿನ ಸೆರೆಕೋಣೆಯ ಎದುರು ನಿಲ್ಲಿಸಿದ. "ಬರ್ರಿ ಧಣೀ, ಯಾರು ತಡೀತಾರ?" ಎಂದ. ರಾಚಪ್ಪ ಹೊಸ್ತಿಲ ತನಕ ಬಂದ. ನಾನು ಜೋಳ ಹಸನು ಮಾಡುತ್ತಿದ್ದೆ, ಕೈ ನಿಲ್ಲಿಸಲಿಲ್ಲ. "ಹೋಗೂದಿದ್ರ ಹೋಗಪ್ಪಾ. ಒಳಗ ಹಾಸಿಗಿ ಹಾಸೇ ಐತಿ, ನಾ ಹೋಗಿ ಮಲಗ್ತೀನಿ," ಎಂದೆ. ಸುಳ್ಳು ಯಾಕೆ, ಅವನು ಹೋಗಿಬಿಡುತ್ತಾನೆ ಎಂದೇ ಅಂದುಕೊಂಡಿದ್ದೆ. ಅವನು ಬಹಳ ಹೊತ್ತು ಹೊಸ್ತಿಲ ಮೇಲೆ ಕಾಲಿಡದೆ ನಿಂತು, ಕಡೆಗೆ ಹಿಂದಕ್ಕೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದ. ಅವನ ಬದುಕಿನಲ್ಲಿ ಅವನು ಮಾಡಿದ ದೊಡ್ಡ ಕೆಲಸ ಅದು. ನೋಡಿದವರು ನಾನು ಮತ್ತು ಫಕೀರ ಮಾತ್ರ. ಫಕೀರ ಮತ್ತೆ ಬರಲಿಲ್ಲ. ದಂಡಿನವರು ಓಣಿ ಓಣಿ ಹಂಚಿಕೊಳ್ಳಲು ಹೋಗಿ ಬಡಿದಾಡಿಕೊಂಡು ಚದುರಿದರು. ಊರಿನ ಮಣೆಗಳ ಮೇಲೆ ಮತ್ತೆ ಅತ್ತೆಯಂದಿರು ಬಂದು ಕೂತರು. ಮದುವೆಗಳಿಗೆ ಮತ್ತೆ ಅರ್ಧ ಮನೆ ಬರತೊಡಗಿತು. ಏನೇ ಆಗಲಿ ರಾಚಪ್ಪನ ಕಾಲದಲ್ಲಿ ಎಲ್ಲರೂ ಕೂಡಿ ಉಣ್ಣುತ್ತಿದ್ದೆವು ಎಂದು ಅವನಿಗೆ ಹೆದರಿ ನಡುಗಿದವರೇ ಹೇಳುವುದನ್ನು ನಾನು ಕೇಳಿದ್ದೇನೆ.

ದೂರು ಕೊಟ್ಟವರಿಗೆ ದಿನಾ ಬೆಳಿಗ್ಗೆ ಬಂದು ನೋಡಿಹೋಗುವ ಹಕ್ಕಿದೆ. ಕಾಶವ್ವ ಒಂದು ದಿನವೂ ತಪ್ಪಿಸಲಿಲ್ಲ. ಬಂದು, ನನ್ನ ತಲೆಯ ಮೇಲಿನಿಂದ ಒಳಗೆ ಇಣುಕಿ, ಹೋಗುತ್ತಿದ್ದಳು. ನಾವು ಮಾತಾಡುತ್ತಿರಲಿಲ್ಲ. ಅವಳು ಹೋದ ಮೇಲೆ ಒಂದು ಸಲ ನಾನು ಅವನನ್ನು ಕೇಳಿದೆ.

"ಸಂಗಪ್ಪನ್ನ ಬಾವ್ಯಾಗ ನೀನೇ ಹಾಕಿಸಿದೇನು?"

ಅವನು ತಟ್ಟೆಯಲ್ಲಿದ್ದ ರೊಟ್ಟಿಯನ್ನು ಚೂರು ಚೂರು ಮಾಡಿದ. "ಹಾಕ್ರಿ ಅನ್ನಲಿಲ್ಲಕ್ಕಾ. ಹಾಕ್ತೀವಿ ಅಂದ್ರು. ಸುಮ್ಮನಿದ್ದೆ."

"ಬ್ಯಾಡ ಅನ್ನಾಕ ಏನಾಗಿತ್ತೋ ನಿನಗ?"

"ಅಂವಾ ಅಂದ ಮಾತಿಗೆ ನನಗೂ ನಗು ಬಂದಿತ್ತು," ಎಂದ. "ನಕ್ಕೊಂತನ ಸುಮ್ಮನಿದ್ದೆ." ಅವತ್ತು ಅವನು ಉಣ್ಣಲಿಲ್ಲ, ನಾನೂ ಉಣ್ಣಲಿಲ್ಲ. ಒಂದೇ ಒಂದು ಬೇಡ ಎಂಬ ಮಾತು ಅವನ ಬಾಯಿಂದ ಬಂದಿದ್ದರೆ ಎಂದು ನಾನು ಇವತ್ತಿಗೂ ಕೊರಗುತ್ತೇನೆ. ಊರೆಲ್ಲ ಅವನ ಮಾತಿಗೆ ಕಾಯುತ್ತಿತ್ತು, ಎಷ್ಟು ಸುಲಭದ ಮಾತಾಗಿತ್ತು ಅದು.

ಒಂಬತ್ತನೆಯ ವರ್ಷವೋ ಹತ್ತನೆಯದೋ, ಅವನಿಗೆ ಮರೆವು ಹತ್ತಿತು. ಮೊದಲು ಫಕೀರನ ಹೆಸರು ಹೋಯಿತು, ಆಮೇಲೆ ತನ್ನ ಮನೆ ಎಲ್ಲಿತ್ತು ಎಂಬುದು. ಒಂದು ಬೆಳಿಗ್ಗೆ ನಾನು ಚಹಾ ಕೊಟ್ಟಾಗ "ನಿಮಗ ಐತೇನ್ರಿ ಅಕ್ಕಾರ?" ಎಂದ. ನಾನು ಅವನ ಅಕ್ಕಾ ಆಗಿದ್ದವಳು, ದಾರಿಯಲ್ಲಿ ಎದುರಾದ ಹೆಂಗಸಿನ ಹಾಗೆ ಅಕ್ಕಾರ ಆದೆ. ಅವತ್ತು ನಾನು ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಅವನು ಒಳಗಿನಿಂದ, ಯಾಕ್ರಿ, ಏನಾತ್ರಿ ಎಂದು ಕೇಳುತ್ತಲೇ ಇದ್ದ.

ಹೋದ ಬೇಸಿಗೆಯಲ್ಲಿ ನನಗೆ ಜ್ವರ ಬಂತು. ಮಣೆಯ ಮೇಲೆ ಕೂತೇ ನಡುಗುತ್ತಿದ್ದೆ. ಅವನು ಎದ್ದು ಬಂದು ನನ್ನನ್ನು ನೋಡಿದ.

"ಇಂಥಾ ಜ್ವರದಾಗ ನಿಮ್ಮನ್ನ ಇಲ್ಲಿ ಯಾರು ಕುಂಡ್ರಿಸ್ಯಾರ್ರೀ?"

"ನನ್ನ ತಮ್ಮನ ಸಲುವಾಗಿ ಕುಂತೀನಪ್ಪಾ."

"ಎಂಥಾ ತಮ್ಮ ಅಂವಾ? ಅಕ್ಕನ್ನ ಬಾಗಲದಾಗ ಕುಂಡ್ರಿಸಿ ಎಲ್ಲಿ ಹೋಗ್ಯಾನ? ಹೆಸರ ಹೇಳ್ರಿ, ನಾ ವಿಚಾರಿಸ್ತೀನಿ." ಹಳೆಯ ಧಣಿಯ ದನಿ, ಅಷ್ಟೇ ಗಡಸು. "ಏಳ್ರಿ. ಒಳಗ ಹಾಸಿಗಿ ಐತಿ, ಹೋಗಿ ಮಲಗ್ರಿ. ಬಾಗಲಕ್ಕ ನಾ ಕುಂಡ್ರತೀನಿ."

"ಹೊಸ್ತಲಾ ದಾಟಬ್ಯಾಡೋ," ಎಂದೆ. ಅಷ್ಟರಲ್ಲಿ ಅವನು ದಾಟಿಯಾಗಿತ್ತು. ನನ್ನ ರಟ್ಟೆ ಹಿಡಿದು ಎಬ್ಬಿಸಿ, ಮೆಲ್ಲಗೆ ಒಳಗೆ ನಡೆಸಿಕೊಂಡು ಹೋಗಿ, ಕೌದಿ ಹೊದಿಸಿ, ಹೊರಗೆ ಹೋಗಿ ಮಣೆಯ ಮೇಲೆ ಕೂತ. ನನಗೆ ಏಳಲು ಶಕ್ತಿಯಿರಲಿಲ್ಲ. ಕಾಶವ್ವನ ಚಪ್ಪಲಿಯ ಸದ್ದು ಬಂದು ನಿಂತಿತು.

"ಗದ್ದಲಾ ಮಾಡಬ್ಯಾಡ್ರಿ, ಒಳಗ ಒಬ್ಬಾಕಿಗೆ ಜ್ವರ ಬಂದಾವ," ಎಂದ ರಾಚಪ್ಪ. ಸ್ವಲ್ಪ ಹೊತ್ತಾದ ಮೇಲೆ, "ನೀವು ಬಾಗಲಾ ಬಿಟ್ಟು ಬಂದೀರಲ್ಲ ತಾಯಿ, ನಿಮ್ಮ ಮನ್ಯಾಗ ಯಾರು ಕುಂತಾರ?" ಎಂದು ಕೇಳಿದ.

ಕಾಶವ್ವ ಒಂದು ಹೆಜ್ಜೆ ಹಿಂದಕ್ಕೆ ಸರಿದದ್ದು ಕೇಳಿಸಿತು. "ಮಗಳು ಕುಂತಾಳ."

"ಮನೀಯವರು ಇಲ್ಲೇನ್ರಿ?"

"ಇಲ್ಲ."

"ಪಾಪ," ಎಂದ ನನ್ನ ತಮ್ಮ. ನಿಜವಾಗಿಯೂ ಮರುಗಿ ಎಂದ.

ಅವಳು ಅಲ್ಲಿಂದ ನೇರ ಪಂಚರ ಹತ್ತಿರ ಹೋದಳು. ಈಗಿನ ಪಂಚರು ಎಳೆಯರು, ಮೆತ್ತನೆಯವರು. ಬಾಗಿಲ ಬಳಿ ಬಂದು ತಲೆ ಕೆರೆದುಕೊಂಡರು. "ಕಾಶವ್ವಾ, ಅಂವಗ ಏನೂ ತಿಳಿಯೂದಿಲ್ಲ, ಈಕೀ ಮುದುಕಿ. ನೀ ನೋಡಿಲ್ಲ ಅಂದುಬಿಡು, ನಾವೂ ಸುಮ್ಮನಿರತೀವಿ," ಎಂದರು.

"ನೋಡೀನಿ," ಎಂದಳು ಕಾಶವ್ವ. ಅವಳು ಅಳುತ್ತಿದ್ದಳು. "ನನ್ನ ಗಂಡನ್ನ ಬಾವ್ಯಾಗ ಹಾಕೂದನ್ನ ನೋಡಿದವರು ನೋಡಿಲ್ಲ ಅಂದ್ರು. ನಾ ಹಂಗ ಅನ್ನಾಕಿ ಅಲ್ಲ."

ಅವಳು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. "ಕಾಶವ್ವ ಹೇಳೂದು ಖರೆ ಐತಿ," ಎಂದು ನಾನೇ ಒಳಗಿನಿಂದ ಕೂಗಿ ಹೇಳಿದೆ. ಪಂಚರಿಗೆ ಬೇರೆ ದಾರಿ ಉಳಿಯಲಿಲ್ಲ, ಅವನ ಉಳಿದ ದಿನಗಳು ನನ್ನ ಪಾಲಿಗೆ ಬಂದವು. ನನ್ನ ರಕ್ತದವರು ಎಂದು ಇರುವವನು ಅವನೊಬ್ಬನೇ, ಹಾಗಾಗಿ ಅವನನ್ನು ಮಣೆಯಿಂದ ಎಬ್ಬಿಸುವ ಪ್ರಶ್ನೆಯೂ ಬರಲಿಲ್ಲ.

ಇನ್ನೂ ಕೆಲವು ವರ್ಷ ಉಳಿದಿವೆ. ಅಷ್ಟು ದಿನ ನಾನು ಬದುಕುತ್ತೇನೋ ಇಲ್ಲವೋ. ಕಾಶವ್ವ ಬೆಳಿಗ್ಗೆ ಬಂದು ಈಗ ನನ್ನನ್ನು ನೋಡಿ ಹೋಗುತ್ತಾಳೆ. ಒಮ್ಮೊಮ್ಮೆ ನಿಂತು, ಉಂಡೆಯಾ ಎಂದು ಕೇಳುತ್ತಾಳೆ. ರಾಚಪ್ಪ ಬೆನ್ನು ನೆಟ್ಟಗೆ ಮಾಡಿಕೊಂಡು ದಿನವಿಡೀ ಕೂತಿರುತ್ತಾನೆ, ಮಕ್ಕಳು ಬಂದರೆ ಕಥೆ ಹೇಳುತ್ತಾನೆ, ಯಾರಿಗೂ ಕೈ ಒಡ್ಡುವುದಿಲ್ಲ. ಇಡೀ ಊರಲ್ಲಿ ಇಷ್ಟು ಚೆನ್ನಾಗಿ ಬಾಗಿಲಿಗೆ ಕೂರುವವರು ಇನ್ನೊಬ್ಬರಿಲ್ಲ. ಅದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ದೀಪ ಹಚ್ಚುವ ಹೊತ್ತಿಗೆ ಒಳಗೆ ಇಣುಕಿ, "ಬಾಗಲಾ ಗಟ್ಟಿ ಐತ್ರಿ ಅಕ್ಕಾರ, ಚಿಂತಿ ಮಾಡಬ್ಯಾಡ್ರಿ, ಮಲಗ್ರಿ. ನಿಮ್ಮ ತಮ್ಮ ಬಂದ್ರ ನಾ ಎಬಸ್ತೀನಿ," ಎನ್ನುತ್ತಾನೆ.

ಆಗಲಿ, ಬಂದರೆ ಎಬ್ಬಿಸಪ್ಪಾ ಎಂದು ಹೇಳಿ ನಾನು ಮಲಗುತ್ತೇನೆ.